ಮೂರು ಲಕ್ಷ ಸೈಟೇಶನ್ ಪಡೆದ ಪೇಪರ್‌ನಲ್ಲಿ ಏನಿದೆ?

ವಿಜ್ಞಾನ ಜಗತ್ತಿನಲ್ಲಿ ಅತಿ ಹೆಚ್ಚು ಸೈಟೇಶನ್ ಪಡೆದ ಸಂಶೋಧನಾ ಪ್ರಬಂಧ ಯಾವುದಿರಬಹುದು? ಐನ್‌ಸ್ಟೈನ್‌ದು ಅಂತೀರಾ? ಡಿಎನ್‌ಎ ರಚನೆಯದ್ದಾ? ಎರಡೂ ಅಲ್ಲ. 2014ರಲ್ಲಿ ‘ನೇಚರ್’ ಪತ್ರಿಕೆ ಮೊದಲ ನೂರು ಪ್ರಬಂಧಗಳ ಪಟ್ಟಿ ಪ್ರಕಟಿಸಿತು. ಡಿಎನ್‌ಎ ಪ್ರಬಂಧಕ್ಕೆ ಅದರಲ್ಲಿ ಜಾಗವೇ ಸಿಗಲಿಲ್ಲ. ಮೊದಲ ಸ್ಥಾನದಲ್ಲಿದ್ದದ್ದು 1951ರ ಒಂದು ಪ್ರಬಂಧ. ದ್ರಾವಣದಲ್ಲಿ ಎಷ್ಟು ಪ್ರೋಟೀನ್ ಇದೆ ಅಂತ ಅಳೆಯೋದು ಹೇಗೆ, ಅಷ್ಟೇ ಅದರ ವಿಷಯ. ಸೈಟೇಶನ್ ಮಾತ್ರ 3 ಲಕ್ಷಕ್ಕೂ ಹೆಚ್ಚು!

ಬರೆದವರು ಅಮೆರಿಕದ ಆಲಿವರ್ ಲೌರಿ ಮತ್ತು ಮೂವರು ಸಹೋದ್ಯೋಗಿಗಳು. ಬಯೋಕೆಮಿಸ್ಟ್ರಿ ಓದಿದ ಗೆಳೆಯರಿದ್ದರೆ ಕೇಳಿ ನೋಡಿ, ‘ಲೌರಿ ಮೆಥಡ್’ ಅಂದ ಕೂಡಲೇ ಪ್ರಾಕ್ಟಿಕಲ್ ಕ್ಲಾಸಿನ ನೀಲಿ ಟೆಸ್ಟ್‌ಟ್ಯೂಬ್‌ಗಳು ನೆನಪಾಗುತ್ತವೆ. ಪ್ರೋಟೀನ್‌ಗೆ ಮೊದಲು ಕ್ಷಾರೀಯ ತಾಮ್ರದ ದ್ರಾವಣ, ಆಮೇಲೆ ಫೋಲಿನ್ ರಿಯೇಜೆಂಟ್ ಬೆರೆಸಿದರೆ ನೀಲಿ ಬಣ್ಣ ಬರುತ್ತದೆ. ಬಣ್ಣ ಗಾಢವಾದಷ್ಟೂ ಪ್ರೋಟೀನ್ ಜಾಸ್ತಿ. ಆಗ ಬಳಕೆಯಲ್ಲಿದ್ದ ಬೈಯುರೆಟ್ ಪರೀಕ್ಷೆಗಿಂತ ಇದು ಸುಮಾರು 100 ಪಟ್ಟು ಸೂಕ್ಷ್ಮ.

ಇಷ್ಟಕ್ಕೇ ಮೂರು ಲಕ್ಷವಾ? ನಾವು ಕೋಡ್ ಬರೆಯುವವರಿಗೆ ಇದು ಬೇಗ ಅರ್ಥವಾಗುತ್ತೆ. ನಮ್ಮ ಪ್ರಾಜೆಕ್ಟ್‌ಗಳಲ್ಲಿ ಅತಿ ಹೆಚ್ಚು ಇಂಪೋರ್ಟ್ ಆಗೋದು ಬುದ್ಧಿವಂತ ಅಲ್ಗಾರಿದಮ್ ಅಲ್ಲ. ದಿನಾಂಕ ಓದುವ, ಲಾಗ್ ಬರೆಯುವ ಪುಟ್ಟ ಲೈಬ್ರರಿಗಳು. ಇದೂ ಹಾಗೇ. ಎಂಜೈಮ್ ಎಷ್ಟು ಚುರುಕು ಅಂತ ಹೇಳಬೇಕಾದರೂ ‘ಪ್ರತಿ ಮಿಲಿಗ್ರಾಂ ಪ್ರೋಟೀನ್‌ಗೆ ಇಷ್ಟು’ ಅನ್ನಬೇಕು. ಅಂದಮೇಲೆ ಪ್ರೋಟೀನ್ ಅಳೆಯಲೇಬೇಕು, ಲೌರಿ ಹೆಸರು ಬರೆಯಲೇಬೇಕು. ಪಟ್ಟಿಯ ಎರಡು, ಮೂರನೇ ಸ್ಥಾನದ ಲೆಮ್ಲಿ (1970), ಬ್ರಾಡ್‌ಫರ್ಡ್ (1976) ಪ್ರಬಂಧಗಳೂ ಪ್ರೋಟೀನ್ ಬೇರ್ಪಡಿಸುವ, ಅಳೆಯುವ ವಿಧಾನಗಳೇ.

ನನಗೆ ತುಂಬಾ ಹಿಡಿಸಿದ ಸಂಗತಿ ಬೇರೆ. ಎಲ್ಲ ಪ್ರೋಟೀನ್‌ಗಳೂ ಒಂದೇ ಪ್ರಮಾಣದ ಬಣ್ಣ ಕೊಡಲ್ಲ, ಬಣ್ಣ ಮತ್ತು ಪ್ರಮಾಣದ ಸಂಬಂಧ ಪೂರ್ತಿ ಸರಳರೇಖೆಯಲ್ಲ ಅಂತ ಆ ಪ್ರಬಂಧದಲ್ಲೇ ಬರೆದಿದ್ದಾರೆ. ನಮ್ಮ ಭಾಷೆಯಲ್ಲಿ ‘ನೋನ್ ಇಶ್ಯೂಸ್’. ಮಿತಿ ಗೊತ್ತಿದ್ದರೆ ಬಳಸುವವನಿಗೂ ಧೈರ್ಯ.

ಲೌರಿ ಕಾಲೇಜಿಗೆ ಸೇರಿದ್ದು ಕೆಮಿಕಲ್ ಎಂಜಿನಿಯರಿಂಗ್‌ಗೆ. ಆಮೇಲೆ ಬಯೋಕೆಮಿಸ್ಟ್ರಿ, ಜತೆಗೆ ವೈದ್ಯಕೀಯ ಪದವಿ. 1947ರಿಂದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಫಾರ್ಮಕಾಲಜಿ ವಿಭಾಗದ ಮುಖ್ಯಸ್ಥ. ಅವರ ನಿಜವಾದ ಹಂಬಲ ಮೆದುಳಿನ ಒಂದೇ ಒಂದು ನರಕೋಶದೊಳಗಿನ ರಸಾಯನವನ್ನು ಅಳೆಯುವುದು. ಅಷ್ಟು ಸಣ್ಣದನ್ನು ತೂಗಲು ಕೂದಲಿಗಿಂತ ತೆಳ್ಳಗಿನ ಕ್ವಾರ್ಟ್ಜ್ ಎಳೆಯ ತಕ್ಕಡಿಯನ್ನೇ ರೂಪಿಸಿದರು. ಅವರ ಕಸುಬುಗಾರಿಕೆ ಕಾಣುವುದು ಇಂಥ ಕೆಲಸದಲ್ಲಿ. 1951ರದ್ದು ಮಹಾನ್ ಪ್ರಬಂಧವೇನಲ್ಲ ಅಂತ ಸ್ವತಃ ಲೌರಿಯೇ 1977ರಲ್ಲಿ ಬರೆದರು. ಆದರೂ ಅದಕ್ಕೆ ಸಿಕ್ಕ ಸ್ವಾಗತ ಒಳಗೊಳಗೇ ಖುಷಿ ಕೊಡುತ್ತೆ ಅಂತಲೂ ಒಪ್ಪಿಕೊಂಡರು.

ಈಗ ಎಚ್-ಇಂಡೆಕ್ಸ್ ಕಾಲ. 2005ರಲ್ಲಿ ಭೌತವಿಜ್ಞಾನಿ ಜಾರ್ಜ್ ಹಿರ್ಷ್ ಸೂಚಿಸಿದ ಲೆಕ್ಕ ಇದು. ಕನಿಷ್ಠ 20 ಸೈಟೇಶನ್ ಇರುವ 20 ಪ್ರಬಂಧಗಳಿದ್ದರೆ ನಿಮ್ಮ ಸೂಚ್ಯಂಕ 20. ತಮಾಷೆ ಏನು ಗೊತ್ತಾ? ಲೌರಿಯ ಮೂರು ಲಕ್ಷದ ಪ್ರಬಂಧ ಈ ಲೆಕ್ಕಕ್ಕೆ ಸೇರಿಸೋದು ಬರೀ 1! ಒಂದು ಅಳತೆಯಲ್ಲಿ ಜಗತ್ತಿಗೇ ಮೊದಲು, ಇನ್ನೊಂದರಲ್ಲಿ ಎಲ್ಲರಂತೆ ಒಂದಂಕಿ. ಪ್ರಬಂಧ ಮಾತ್ರ ಅದೇ.

ನಾನು ಹಿಂದೆ ಇದ್ದ ಕಂಪನಿಯಲ್ಲಿ ಸೀನಿಯರ್ ಒಬ್ಬರು ಇಡೀ ಟೀಮ್‌ನ ಟೆಸ್ಟಿಂಗ್ ಟೂಲ್ ನೋಡಿಕೊಳ್ಳುತ್ತಿದ್ದರು. ಅಪ್ರೈಸಲ್ ಡ್ಯಾಶ್‌ಬೋರ್ಡ್ ಎಣಿಸುತ್ತಿದ್ದದ್ದು ಹೊಸ ಫೀಚರ್‌ಗಳನ್ನು. ಎರಡು ವರ್ಷ ಸತತ ‘ಆವರೇಜ್’ ಸಿಕ್ಕ ಮೇಲೆ ಅವರು ಕೆಲಸ ಬಿಟ್ಟರು. ಅವರು ಹೋದ ಮೊದಲ ರಿಲೀಸ್‌ನಲ್ಲೇ ಟೂಲ್ ಕೈಕೊಟ್ಟಿತು. ಆ ರಾತ್ರಿ ಎಲ್ಲರೂ ಹುಡುಕಿದ್ದು ಅವರ ನಂಬರನ್ನೇ.

ಅಂಕಿಗಳು ಸುಳ್ಳು ಅಂತ ನಾನು ಹೇಳ್ತಿಲ್ಲ. ಮೂರು ಲಕ್ಷ ಸೈಟೇಶನ್ ಅಂದರೆ ಅಷ್ಟು ಪ್ರಬಂಧಗಳಲ್ಲಿ ಲೌರಿ ಹೆಸರು ಬಂದಿದೆ ಅನ್ನೋದು ನಿಜ. ಆದರೆ ಅದು ಬಳಕೆಯ ಲೆಕ್ಕ, ಪ್ರತಿಭೆಯ ಲೆಕ್ಕವಲ್ಲ. ಮುಂದಿನ ಅಪ್ರೈಸಲ್‌ನಲ್ಲಿ ಯಾರಾದರೂ ಅಂಕಿ ಮುಂದಿಟ್ಟರೆ ಒಂದು ಪ್ರಶ್ನೆ ಕೇಳಿ: ಇದು ಯಾವುದನ್ನು ಎಣಿಸುತ್ತೆ, ಯಾವುದನ್ನು ಬಿಡುತ್ತೆ?

ನಿಮ್ಮ ಆಫೀಸಿನಲ್ಲೂ ಎಲ್ಲರೂ ದಿನಾ ಬಳಸುವ, ಯಾರೂ ಹೊಗಳದ ಕೆಲಸ ಮಾಡುವವರು ಒಬ್ಬರಾದರೂ ಇರ್ತಾರೆ. ಅವರು ಯಾರು ಅಂತ ಕಾಮೆಂಟ್‌ನಲ್ಲಿ ಬರೆಯಿರಿ. ಅವರಿಗೂ ಒಂದು ಮಾತು ಹೇಳಿಬಿಡಿ.