ಗಾಳಿ ಎಲ್ಲಿಂದ ಸೋರುತ್ತಿದೆ? ಮನೆಯ ಕಂಪ್ರೆಸರ್ ರಿಪೇರಿಯ ವಿಜ್ಞಾನ

[ಧ್ವನಿ: ಮೋಟರ್ ‘ಗುಂಯ್’ ಅನ್ನುತ್ತದೆ, ತಿರುಗುವುದಿಲ್ಲ. ಸ್ವಿಚ್ ಆಫ್. ಆಮೇಲೂ ಸಣ್ಣಗೆ ‘ಸ್ಸ್ಸ್…’]

ಈಗ ಕೇಳಿದ್ದು ಕೆಟ್ಟು ನಿಂತಿರೋ ಒಂದು ಏರ್ ಕಂಪ್ರೆಸರ್ ಸದ್ದು. ಅದರಲ್ಲಿ ಎರಡು ಸುಳಿವುಗಳಿವೆ: ಒಂದು ಗುಂಯ್, ಒಂದು ಸ್ಸ್. ಎರಡಕ್ಕೂ ಕಾರಣ ಒಂದೇ ಇರಬಹುದು. ಅದನ್ನು ಪತ್ತೆ ಮಾಡೋದು ಹೇಗೆ ಅನ್ನೋದೇ ಇವತ್ತಿನ ವಿಷಯ.

ನೆದರ್‌ಲ್ಯಾಂಡ್ಸ್‌ನಲ್ಲಿ ಜನರಿಗಿಂತ ಸೈಕಲ್‌ಗಳೇ ಜಾಸ್ತಿ. ಸುಮಾರು 1.8 ಕೋಟಿ ಜನ, 2.3 ಕೋಟಿಯಷ್ಟು ಸೈಕಲ್. ಹಾಗಾಗಿ ಮನೆ ಹಿಂದಿನ ಶೆಡ್ಡಿನಲ್ಲಿ ಗಾಳಿ ತುಂಬೋಕೆ ಒಂದು ಸಣ್ಣ ಕಂಪ್ರೆಸರ್ ಇದ್ದರೆ ಆಶ್ಚರ್ಯವಿಲ್ಲ. ಅದು ಕೆಟ್ಟರೆ ಎಸೆಯಬೇಕೇ? ಈ ಪ್ರಶ್ನೆಗೆ ಆ ದೇಶ ಒಂದು ಒಳ್ಳೆಯ ಉತ್ತರ ಕೊಟ್ಟಿದೆ. 2009ರ ಅಕ್ಟೋಬರ್ 18ರಂದು ಮಾರ್ಟಿನ್ ಪೋಸ್ಟ್‌ಮಾ ಎಂಬ ಪತ್ರಕರ್ತೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮೊದಲ ‘ರಿಪೇರ್ ಕೆಫೆ’ ನಡೆಸಿದರು. ಕೆಟ್ಟ ವಸ್ತು ತಗೊಂಡು ಬನ್ನಿ, ಗೊತ್ತಿರೋರ ಜೊತೆ ಕೂತು ನೀವೇ ಸರಿ ಮಾಡಿ ಅನ್ನೋದು ಅದರ ಕಲ್ಪನೆ. ಇವತ್ತು ಜಗತ್ತಿನಲ್ಲಿ ಅಂಥ ಸಾವಿರಾರು ಕೆಫೆಗಳಿವೆ. ನಮ್ಮ ಬೆಂಗಳೂರಲ್ಲೂ 2015ರಿಂದ ಒಂದು ನಡೀತಿದೆ.

ಮೊದಲು ಯಂತ್ರದ ಒಳಗೆ

ಸೈಕಲ್ ಟ್ಯೂಬಿನ ಹಳೇ ವಾಲ್ ಟ್ಯೂಬ್ ನೆನಪಿದೆಯಾ? ಪಂಪ್ ಒತ್ತಿದರೆ ಗಾಳಿ ಒಳಗೆ ಹೋಗುತ್ತೆ, ವಾಪಸ್ ಬರಲ್ಲ. ಕಂಪ್ರೆಸರ್ ಅಂದರೆ ಇಂಥ ಒಮ್ಮುಖ ಬಾಗಿಲುಗಳ ಸಾಲು. ಪಿಸ್ಟನ್ ಕೆಳಗೆ ಇಳಿದಾಗ ಒಂದು ತೆಳ್ಳನೆಯ ಉಕ್ಕಿನ ಪಟ್ಟಿ ತೆರೆದು ಹೊರಗಿನ ಗಾಳಿ ಒಳಬರುತ್ತದೆ. ಪಿಸ್ಟನ್ ಮೇಲೇರಿದಾಗ ಅದು ಮುಚ್ಚಿ, ಇನ್ನೊಂದು ಪಟ್ಟಿ ತೆರೆದು ಗಾಳಿ ಪೈಪಿಗೆ ಹೋಗುತ್ತದೆ. ಪೈಪ್ ಟ್ಯಾಂಕಿಗೆ ಸೇರೋ ಜಾಗದಲ್ಲಿ ಮೂರನೇ ಬಾಗಿಲು, ಚೆಕ್ ವಾಲ್ವ್.

ಟ್ಯಾಂಕ್ ತುಂಬಿ ಮೋಟರ್ ನಿಂತಾಗ ‘ಟುಸ್’ ಅಂತ ಒಂದು ಕ್ಷಣ ಸದ್ದಾಗುತ್ತೆ. ಅದು ದೋಷವಲ್ಲ. ಪೈಪಿನಲ್ಲಿ ಉಳಿದ ಗಾಳಿಯನ್ನು ಪ್ರೆಶರ್ ಸ್ವಿಚ್ಚಿನ ಕೆಳಗಿರೋ ಪುಟ್ಟ ಅನ್‌ಲೋಡರ್ ವಾಲ್ವ್ ಹೊರಗೆ ಬಿಡುತ್ತಿದೆ. ಮುಂದಿನ ಸಲ ಮೋಟರ್ ಹಗುರವಾಗಿ ತಿರುಗಲಿ ಎಂದು ಈ ಏರ್ಪಾಡು.

ಆ ‘ಟುಸ್’ ನಿಲ್ಲದೆ ‘ಸ್ಸ್’ ಅಂತ ಮುಂದುವರಿದರೆ ಅನ್‌ಲೋಡರ್ ಮೇಲೆ ಅನುಮಾನ ಬರೋದು ಸಹಜ. ಆದರೆ ಬಹುತೇಕ ಸಲ ತಪ್ಪು ಚೆಕ್ ವಾಲ್ವ್‌ನದು. ಅದು ಸರಿಯಾಗಿ ಮುಚ್ಚಿಲ್ಲ, ಟ್ಯಾಂಕಿನ ಗಾಳಿಯೇ ಹಿಂದಕ್ಕೆ ಬಂದು ಅಲ್ಲಿಂದ ಹೋಗ್ತಿದೆ. ಮತ್ತೆ ಸ್ವಿಚ್ ಹಾಕಿದಾಗ ಟ್ಯಾಂಕಿನ ಪೂರ್ತಿ ಒತ್ತಡ ಪಿಸ್ಟನ್ ತಲೆ ಮೇಲೆ. ಮೋಟರ್ ತಿಣುಕುತ್ತೆ, ‘ಗುಂಯ್’ ಅನ್ನುತ್ತೆ. ಮೊದಲಿಗೆ ಕೇಳಿಸಿದ ಎರಡೂ ಸುಳಿವು ಬಂದು ಸೇರೋದು ಇಲ್ಲಿಗೇ.

ಪರೀಕ್ಷೆಯ ಕ್ರಮ

ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಸ್ವಿಚ್ ಹಾಕಿ. ಸಲೀಸಾಗಿ ತಿರುಗಿದರೆ ವಾಲ್ವ್ ನೋಡಿ. ಖಾಲಿ ಟ್ಯಾಂಕಿನಲ್ಲೂ ಗುಂಯ್ ಅಂದರೆ ಕೂಡಲೇ ಆಫ್ ಮಾಡಿ, ಎರಡು ಸುಲಭ ಕಾರಣ ತಳ್ಳಿಹಾಕಿ. ಉದ್ದನೆಯ ತೆಳು ಎಕ್ಸ್‌ಟೆನ್ಷನ್ ವೈರಿನಲ್ಲಿ ವೋಲ್ಟೇಜ್ ಇಳಿಯುತ್ತೆ. ಡಚ್ ಚಳಿಗಾಲದ ಶೆಡ್ಡಿನಲ್ಲಿ ಆಯಿಲ್ ದಪ್ಪಗಾಗುತ್ತೆ. ಇವೆರಡೂ ಅಲ್ಲದಿದ್ದರೆ ಕೆಪಾಸಿಟರ್ ಅಥವಾ ಮೋಟರ್. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ವಿದ್ಯುತ್ ಉಳಿದಿರಬಹುದು, ಹಾಗಾಗಿ ಅದು ಬಲ್ಲವರ ಕೆಲಸ.

ಚೆಕ್ ವಾಲ್ವ್ ಬಿಚ್ಚೋ ಮೊದಲು ಎರಡು ನಿಯಮ: ಪ್ಲಗ್ ಕಿತ್ತಿರಬೇಕು, ಗೇಜ್ ಸೊನ್ನೆಗೆ ಬಂದಿರಬೇಕು. ಒಳಗಿನ ಬಿಲ್ಲೆಯ ಮೇಲೆ ತುಕ್ಕಿನ ಚೂರೋ ಮಸಿಯೋ ಕೂತಿದ್ದರೆ ಒರೆಸಿ. ಬಿಲ್ಲೆ ಸವೆದಿದ್ದರೆ ಹೊಸ ವಾಲ್ವ್ ಹಾಕಿ.

ಇನ್ನೊಂದು ದೂರು: ಮೋಟರ್ ಓಡುತ್ತೆ, ಒತ್ತಡ ಏರಲ್ಲ. ಗಾಳಿ ಎಳೆಯೋ ಫಿಲ್ಟರ್ ಮುಂದೆ ಅಂಗೈ ಹಿಡಿಯಿರಿ. ಗಾಳಿ ಒಳಕ್ಕೆ ಎಳೆಯೋ ಬದಲು ಹೊರಕ್ಕೆ ಉಗುಳುತ್ತಿದ್ದರೆ ಮೊದಲನೇ ಉಕ್ಕಿನ ಪಟ್ಟಿ ಮುರಿದಿದೆ ಅಥವಾ ಕಸ ಸಿಕ್ಕಿದೆ. ತಲೆಭಾಗ ಮತ್ತು ಸಿಲಿಂಡರ್ ನಡುವೆ ಶಿಳ್ಳೆ ಕೇಳಿಸಿದರೆ ಗ್ಯಾಸ್ಕೆಟ್ ಹೋಗಿದೆ.

ಸೋರಿಕೆ ಹುಡುಕೋಕೆ ಸಾಬೂನು ನೀರಿನಷ್ಟು ಒಳ್ಳೆಯ ಉಪಕರಣ ಇನ್ನೊಂದಿಲ್ಲ. ಪ್ರತಿ ಕೀಲಿಗೂ ಹಚ್ಚಿ, ಗುಳ್ಳೆ ನೋಡಿ. ಆದರೆ ಗೇಜ್ ನೋಡಿ ಗಾಬರಿಯಾಗಬೇಡಿ. ಒತ್ತಿದ ಗಾಳಿ ಬಿಸಿಯಾಗಿರುತ್ತೆ. 8 ಬಾರ್ ಇರೋ ಗಾಳಿ 40 ಡಿಗ್ರಿಯಿಂದ 20ಕ್ಕೆ ತಣ್ಣಗಾದರೆ, ಒಂದು ಹನಿ ಸೋರದೆಯೂ ಗೇಜ್ 7.4ರ ಆಸುಪಾಸಿಗೆ ಇಳಿಯುತ್ತೆ. ತಣ್ಣಗಾದ ಮೇಲೂ ಇಳೀತಾ ಇದ್ದರೆ ಮಾತ್ರ ಸೋರಿಕೆ.

ಈ ಜಗಳ ಹಳೆಯದು. 1661ರಲ್ಲಿ ಕ್ರಿಶ್ಚಿಯಾನ್ ಹೈಗನ್ಸ್ ಲಂಡನ್‌ನಲ್ಲಿ ರಾಬರ್ಟ್ ಬಾಯ್ಲ್‌ನ ಗಾಳಿಪಂಪ್ ನೋಡಿ, ಹೇಗ್‌ಗೆ ಮರಳಿ ತನ್ನದೇ ಒಂದನ್ನು ಕಟ್ಟಿದ. ಅದು ಗಾಳಿ ತುಂಬೋದಲ್ಲ, ತೆಗೆಯೋದು. ಆದರೂ ಅದೇ ಸಿಲಿಂಡರ್, ಅದೇ ಪಿಸ್ಟನ್, ಅದೇ ತಲೆನೋವು. ಆ ಕಾಲದ ಪಂಪುಗಳ ಪ್ರಯೋಗ ನಿಲ್ಲುತ್ತಿದ್ದದ್ದೋ ಬೀಳುತ್ತಿದ್ದದ್ದೋ ಸೋರಿಕೆ ಮುಚ್ಚೋ ಕೌಶಲದ ಮೇಲೆ.

ರಿಪೇರಿ ಮಾಡಬಾರದ ಒಂದು ಭಾಗ

ಈಗ ಮುಖ್ಯ ಮಾತು. ಗಾಳಿಯನ್ನು ಒತ್ತಿದಾಗ ಅದರ ತೇವ ಹಿಂಡಿ ನೀರಾಗುತ್ತದೆ. ನೆದರ್‌ಲ್ಯಾಂಡ್ಸ್‌ನ ತೇವದ ಹವೆಯಲ್ಲಿ, 15 ಡಿಗ್ರಿ ಮತ್ತು 80 ಶೇಕಡಾ ಆರ್ದ್ರತೆ ಅಂದುಕೊಂಡರೆ, 24 ಲೀಟರ್ ಟ್ಯಾಂಕನ್ನು ಒಮ್ಮೆ 8 ಬಾರ್‌ಗೆ ತುಂಬಿದಾಗ ತಳದಲ್ಲಿ ಸುಮಾರು 2 ಗ್ರಾಂ ನೀರು ಉಳಿಯುತ್ತೆ. ಮೂವತ್ತು ಸಲಕ್ಕೆ ಒಂದು ಸಣ್ಣ ಲೋಟ. ಬಸಿಯದಿದ್ದರೆ ಟ್ಯಾಂಕ್ ಒಳಗಿಂದ ತುಕ್ಕು ಹಿಡಿಯುತ್ತೆ, ಹೊರಗಿನ ಬಣ್ಣ ಹೊಸದರಂತೆಯೇ ಹೊಳೀತಿರುತ್ತೆ.

8 ಬಾರ್ ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 8 ಕಿಲೋ ಭಾರ. 25 ಸೆಂಟಿಮೀಟರ್ ಅಗಲದ ಟ್ಯಾಂಕಿನ ಒಂದೊಂದು ಮುಚ್ಚಳದ ಮೇಲೆ ಸುಮಾರು 4 ಟನ್. ತೆಳುವಾದ ತಗಡು ಒಮ್ಮೆಲೇ ಬಿರಿದರೆ ಚೂರುಗಳು ಗುಂಡಿನಂತೆ ಹಾರುತ್ತವೆ.

ಆದ್ದರಿಂದ ಟ್ಯಾಂಕಿನಲ್ಲಿ ಸೂಜಿಮೊನೆಯಷ್ಟು ತೂತು ಕಂಡರೂ ವೆಲ್ಡಿಂಗ್ ಬೇಡ, ಎಂ-ಸೀಲ್ ಬೇಡ. ಒಂದು ತೂತು ಕಾಣಿಸಿತು ಅಂದರೆ ಸುತ್ತಲಿನ ಲೋಹವೂ ಸವೆದಿದೆ ಅಂತಲೇ ಅರ್ಥ. ಮೋಟರ್, ರೆಗ್ಯುಲೇಟರ್, ಗೇಜ್ ಬಿಚ್ಚಿಟ್ಟುಕೊಳ್ಳಿ. ಟ್ಯಾಂಕ್ ಗುಜರಿಗೆ, ಡಚ್ ಊರಲ್ಲಾದರೆ ನಗರಸಭೆಯ ‘ಮಿಲಿಯುಸ್ಟ್ರಾಟ್’ ಎಂಬ ತ್ಯಾಜ್ಯ ಕೇಂದ್ರಕ್ಕೆ ಹೋಗಲಿ. ಸೇಫ್ಟಿ ವಾಲ್ವ್ ಸೋರುತ್ತಿದೆ ಎಂದು ಅದನ್ನು ಬೋಲ್ಟ್ ಹಾಕಿ ಮುಚ್ಚೋದಂತೂ ಯಾವತ್ತೂ ಕೂಡದು. ಅದೇ ಒತ್ತಡದ ಹೊಸ ವಾಲ್ವ್ ಹಾಕಿ.

ವಾಲ್ವ್, ಗ್ಯಾಸ್ಕೆಟ್, ಕೀಲು, ಇವೆಲ್ಲ ನಮ್ಮ ಕೈಗೆ ಬಗ್ಗೋವು. ಟ್ಯಾಂಕ್ ಮಾತ್ರ ಅಲ್ಲ. ಇವತ್ತು ನಿಮ್ಮ ಮನೆಯಲ್ಲೋ ಪಕ್ಕದ ಪಂಕ್ಚರ್ ಅಂಗಡಿಯಲ್ಲೋ ಕಂಪ್ರೆಸರ್ ಇದ್ದರೆ, ಒತ್ತಡ ಇಳಿಸಿ ತಳದ ತಿರುಪು ಸಡಿಲಿಸಿ, ನೀರು ಬಸಿದು ನೋಡಿ. ಎಷ್ಟು ಬಂತು, ಯಾವ ಬಣ್ಣ ಇತ್ತು ಅಂತ ನಮಗೂ ಬರೆದು ತಿಳಿಸಿ.