ಕಿಟ್ಟೆಲರಿಗೆ ಸಾಲದಾದದ್ದು

ಸೀತಾಬರ್ಡಿಗೆ ಬಂದ ಮೇಲೆ ನಮಗೆ ಬೇಗ ಒಗ್ಗಿದ ಮಾತೆಂದರೆ 'ಚಾಲೇಲ್'. ಕಚೇರಿಯ ಕಡತಕ್ಕೂ ಚಾಲೇಲ್, ಮಕ್ಕಳ ಹರಕು ಕನ್ನಡಕ್ಕೂ ಚಾಲೇಲ್!

ಬಾಸೆಲ್ ಮಿಶನ್ನಿನ ಫರ್ಡಿನಂಡ್ ಕಿಟ್ಟೆಲರು 1853ರಲ್ಲಿ ಕನ್ನಡ ನಾಡಿಗೆ ಬಂದರು. ಬಂದದ್ದು ಸುವಾರ್ತೆ ಸಾರಲು. ಉಪದೇಶಕ್ಕಾಗುವಷ್ಟು ಕನ್ನಡ ಸಾಕಿತ್ತಲ್ಲವೆ? ಅವರಿಗೆ ಸಾಲಲಿಲ್ಲ. ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿಯೇ ಹಾಡಿ 1862ರಲ್ಲಿ 'ಕಥಾಮಾಲೆ'ಯನ್ನು ಕೊಟ್ಟರು. ಕೇಶಿರಾಜನ ವ್ಯಾಕರಣವನ್ನೂ ನಾಗವರ್ಮನ ಛಂದೋಗ್ರಂಥವನ್ನೂ ಸಂಪಾದಿಸಿದರು. ದೇವರಿಗೆ ಸಲ್ಲಿಸುವ ದುಡಿಮೆಯನ್ನು ಅರೆಬರೆ ಸಲ್ಲಿಸುವುದುಂಟೆ? ಸುಮಾರು 70,000 ಶಬ್ದಗಳ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಿದ್ದದ್ದು 1894ರಲ್ಲಿ. ಬಂದಾಗ 21ರ ತರುಣ. ಆಗ 62ರ ವೃದ್ಧ.

ಸಂಜೆ ದಣಿದು ಬಂದು ಮಕ್ಕಳ ಕಾಗುಣಿತ ತಿದ್ದಲು ಕುಳಿತಾಗ, 'ಚಾಲೇಲ್' ಎನ್ನಲು ಈಗ ನಮಗೆ ನಾಲಗೆ ಏಳುವುದಿಲ್ಲ.