ಹಸುವಿಗೆ ಮಿತಿ ಹಾಕಿದ ಹಳ್ಳಿ: ಟೋರ್ಬೆಲ್

ಸ್ವಿಟ್ಜರ್‌ಲೆಂಡ್ ಎಂದೊಡನೆ ಗಡಿಯಾರ, ಚಾಕೊಲೇಟ್ ಹಾಗೂ ಬ್ಯಾಂಕುಗಳು ನೆನಪಾಗುವುದು ಸಹಜ. ಆದರೆ ಆ ದೇಶದ ವಾಲೇ ಪ್ರಾಂತದಲ್ಲಿ, ಫಿಸ್ಪ್ ಪಟ್ಟಣದ ಮೇಲಿನ ಕಡಿದಾದ ಇಳಿಜಾರಿನಲ್ಲಿ, ಸುಮಾರು 1,500 ಮೀಟರ್ ಎತ್ತರದಲ್ಲಿರುವ ಟೋರ್ಬೆಲ್ ಎಂಬ ಪುಟ್ಟ ರೈತಗ್ರಾಮವು ಅರ್ಥಶಾಸ್ತ್ರಜ್ಞರ ಗಮನ ಸೆಳೆದಿರುವುದು ಹಸುಗಳ ಲೆಕ್ಕಾಚಾರದಿಂದ.

ಈ ಗ್ರಾಮದ ಭೂವ್ಯವಹಾರದ ದಾಖಲೆಗಳು 1224ರಷ್ಟು ಹಳೆಯವು. ಧಾನ್ಯದ ಹೊಲ, ತರಕಾರಿ ತೋಟ, ಹಣ್ಣಿನ ಮರ, ಒಣಹುಲ್ಲು ಬೆಳೆಯುವ ಗದ್ದೆ ಇವೆಲ್ಲ ಖಾಸಗಿ ಸ್ವತ್ತು. ಬೆಟ್ಟದ ಮೇಲಣ ಬೇಸಿಗೆಯ ಹುಲ್ಲುಗಾವಲು, ಕಾಡು, ಬೀಳುಭೂಮಿ, ನೀರಿನ ಕಾಲುವೆ ಹಾಗೂ ದಾರಿಗಳು ಊರೊಟ್ಟಿನವು. 1483ರ ಫೆಬ್ರವರಿ 1ರಂದು ನಿವಾಸಿಗಳು ಸಂಘವೊಂದನ್ನು ಕಟ್ಟಿಕೊಂಡು ಇವುಗಳ ಬಳಕೆಗೆ ಲಿಖಿತ ಕಟ್ಟಳೆ ವಿಧಿಸಿಕೊಂಡರು.

1517ರ ನಿಯಮವಂತೂ ಒಂದೇ ಸಾಲಿನದು: ಚಳಿಗಾಲದಲ್ಲಿ ಎಷ್ಟು ಹಸುಗಳನ್ನು ಸಾಕಬಲ್ಲನೋ ಅದಕ್ಕಿಂತ ಹೆಚ್ಚನ್ನು ಯಾರೂ ಬೆಟ್ಟಕ್ಕೆ ಅಟ್ಟತಕ್ಕದ್ದಲ್ಲ. ಹಿಮ ಕವಿದ ತಿಂಗಳುಗಳಲ್ಲಿ ಹಸು ಬದುಕುವುದು ಸ್ವಂತ ಗದ್ದೆಯ ಒಣಹುಲ್ಲಿನಿಂದ. ಎಂದರೆ ಕೊಟ್ಟಿಗೆಯ ಅಟ್ಟದ ದಾಸ್ತಾನೇ ಪ್ರತಿ ಮನೆಯ ಸಾಲಮಿತಿ. ವಸಂತದಲ್ಲಿ ಹಸು ಕೊಂಡು, ಊರ ಹುಲ್ಲಿನಲ್ಲಿ ಕೊಬ್ಬಿಸಿ, ಚಳಿಗಾಲಕ್ಕೆ ಮುನ್ನ ಮಾರಿಬಿಡುವ ಲಾಭದ ದಂಧೆಗೆ ಇಲ್ಲಿ ಎಡೆಯಿರಲಿಲ್ಲ. ಮಿತಿ ಮೀರಿದವರಿಂದ ದಂಡ ವಸೂಲು ಮಾಡಿದ ಅಧಿಕಾರಿಗೆ ಅದರ ಅರ್ಧ ಪಾಲು ದೊರೆಯುತ್ತಿತ್ತು. ಮೇಲ್ವಿಚಾರಣೆ ಸಡಿಲವಾಗದಿರಲು ಇದಕ್ಕಿಂತ ಸರಳ ಉಪಾಯ ಕಾಣದು! ಬೆಟ್ಟದ ಮೇಲೆ ಗೋಪಾಲಕರು ತಯಾರಿಸಿದ ಚೀಸನ್ನು ಋತುವಿನ ಕೊನೆಯಲ್ಲಿ ಆಯಾ ಮನೆ ಕಳುಹಿಸಿದ ಹಸುಗಳ ಸಂಖ್ಯೆಗೆ ತಕ್ಕಂತೆ ಹಂಚಲಾಗುತ್ತಿತ್ತು. ದಾರಿ ಹಾಗೂ ಗುಡಿಸಲುಗಳ ದುರಸ್ತಿಯ ದುಡಿಮೆಯೂ ಹಸುಗಳ ಸಂಖ್ಯೆಗನುಗುಣ. ಕಡಿಯಬೇಕಾದ ಮರಗಳನ್ನು ಮೊದಲೇ ಗುರುತಿಸಿ, ಚೀಟಿ ಎತ್ತಿ ಮನೆಗಳಿಗೆ ಹಂಚುವುದು ರೂಢಿ.

ಸಾಮೂಹಿಕ ಸ್ವತ್ತು ಅತಿಬಳಕೆಯಿಂದ ಹಾಳಾಗುವುದೇ ಸೈ ಎಂದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದ್ದರು. ಮಾನವಶಾಸ್ತ್ರಜ್ಞ ರಾಬರ್ಟ್ ನೆಟ್ಟಿಂಗ್ ಟೋರ್ಬೆಲ್ ಕುರಿತು 1981ರಲ್ಲಿ ಪ್ರಕಟಿಸಿದ ಅಧ್ಯಯನವು ಬೇರೆಯದನ್ನೇ ತೋರಿತು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರೋಮ್ ಅವರು ತಮ್ಮ 1990ರ ಗ್ರಂಥದಲ್ಲಿ ಇದೇ ಹಳ್ಳಿಯನ್ನು ನಿದರ್ಶನವಾಗಿ ಬಳಸಿಕೊಂಡರು.

ಈ ಸಮತೋಲಕ್ಕೆ ತೆತ್ತ ಬೆಲೆ ಕಡಿಮೆಯದಲ್ಲ. ಟೋರ್ಬೆಲ್‌ನಲ್ಲಿ ಜಮೀನು ಕೊಂಡ ಹೊರಗಿನವನಿಗೆ ಹುಲ್ಲುಗಾವಲಿನ ಹಕ್ಕಾಗಲಿ, ಕಾಡಿನ ಹಕ್ಕಾಗಲಿ ಇಲ್ಲವೆಂದು 1483ರಲ್ಲೇ ಬರೆಯಲಾಗಿತ್ತು. ಹುಲ್ಲಿನ ಮಿತಿಯೊಳಗೇ ಊರಿನ ಜನರೂ ಬದುಕಬೇಕಿತ್ತು. ತಡವಾದ ವಿವಾಹಗಳು ಸಾಮಾನ್ಯವಾಗಿದ್ದವು; ಅನೇಕರು ಅವಿವಾಹಿತರಾಗಿಯೇ ಉಳಿದರು, ಹಲವರು ಊರು ಬಿಟ್ಟು ಹೋದರು. 20ನೆಯ ಶತಮಾನದಲ್ಲಿ ಫಿಸ್ಪ್‌ನ ಲೋನ್ಜಾ ರಾಸಾಯನಿಕ ಕಾರ್ಖಾನೆಯು ಸುತ್ತಲಿನ ಬೆಟ್ಟದ ಹಳ್ಳಿಗಳವರಿಗೆ ಕೂಲಿ ಒದಗಿಸಿದ ಮೇಲೆ, ಪಾಳಿ ಮುಗಿಸಿ ಬಂದು ಹುಲ್ಲು ಕೊಯ್ಯುವ ಕಾರ್ಮಿಕ ರೈತನೆಂಬ ಹೊಸ ವರ್ಗವೇ ಆ ಕಣಿವೆಯಲ್ಲಿ ಹುಟ್ಟಿಕೊಂಡಿತು.